ಸಕ್ಕರ್ ಮೀನು ಬೆಳೆಯಿತು, ಪಾಚಿ ಹೋಗಲಿಲ್ಲ

ಪ್ರಶ್ನೆ: ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ಅಡಿಯ ಅಕ್ವೇರಿಯಂ ಇದೆ. ಒಳಗೆ ಗಿಡಗಳು, ಹನ್ನೆರಡು ಮೀನು. ನಾಲ್ಕು ತಿಂಗಳಿಂದ ಗಿಡಗಳ ಮೇಲೆ ಹಸಿರು ಕೂದಲಿನಂಥ ಪಾಚಿ. ಎಲೆಯಂಚಿಗೆ ಕಪ್ಪು ಗಡ್ಡದಂಥದ್ದು. ಬೆಳಿಗ್ಗೆ ಏಳಕ್ಕೆ ಹಾಕಿದ ದೀಪವನ್ನು ಮಲಗುವಾಗ ಆರಿಸುತ್ತೇವೆ. ಅಂಗಡಿಯವರು ಕೊಟ್ಟ ಪಾಚಿನಾಶಕ ಹಾಕಿದ ಮೇಲೆ ಮೂರು ಸಿಗಡಿಗಳು ಸತ್ತವು. ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಈಗ ಗೇಣುದ್ದವಾಗಿದೆ. ಎಲ್ಲವನ್ನೂ ಖಾಲಿ ಮಾಡಿ ತೊಳೆದುಬಿಡಲೇ?

ಉತ್ತರ: ದಯವಿಟ್ಟು ತೊಳೆಯಬೇಡಿ. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಸಿರುವುದು ಜಲ್ಲಿಯಲ್ಲಿ ಮತ್ತು ಫಿಲ್ಟರಿನ ಸ್ಪಂಜಿನಲ್ಲಿ. ಅವು ಹೋದರೆ ಮೊದಲು ಸಾಯುವುದು ಮೀನು, ಪಾಚಿಯಲ್ಲ.

ಕಾರಣವನ್ನು ನೀವೇ ಬರೆದಿದ್ದೀರಿ. ಬೆಳಿಗ್ಗೆ ಏಳರಿಂದ ಮಲಗುವ ತನಕ ಎಂದರೆ ಹದಿನೈದು ಗಂಟೆ! ಗಿಡಗಳಿಗೆ ಆರರಿಂದ ಎಂಟು ಗಂಟೆಯ ಬೆಳಕು ಸಾಕು. ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಮುಗಿಯುತ್ತಿದ್ದಂತೆ ಅವು ಕೈಕಟ್ಟಿ ಕೂರುತ್ತವೆ. ಅಷ್ಟಿಷ್ಟರಲ್ಲೇ ಬದುಕಬಲ್ಲ ಪಾಚಿ ಉಳಿದ ಬೆಳಕನ್ನೆಲ್ಲ ಬಾಚಿಕೊಳ್ಳುತ್ತದೆ. ಒಂದು ಟೈಮರ್ ತಂದು ಸಂಜೆ ನಾಲ್ಕರಿಂದ ರಾತ್ರಿ ಹತ್ತಕ್ಕೆ ಹೊಂದಿಸಿ. ಲೋಕಲ್ ರೈಲು ಇಳಿದು ಮನೆಗೆ ಬರುವಾಗಲೂ ತೊಟ್ಟಿ ಬೆಳಗುತ್ತಿರುತ್ತದೆ. ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೆ ಪರದೆ ಎಳೆಯಿರಿ.

ಕೂದಲು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಶಾವಿಗೆಯಂತೆ ಸುತ್ತಿ ಎಳೆಯಿರಿ. ಒಂದೊಂದು ಸಲ ಮುಷ್ಟಿ ತುಂಬ ಬರುತ್ತದೆ, ಆ ಸುಖವೇ ಬೇರೆ. ಕಪ್ಪು ಗಡ್ಡ ಹಟಮಾರಿ. ಹೆಸರಿಗೆ ಕಪ್ಪು, ಜಾತಿಯಲ್ಲಿ ಅದು ಕೆಂಪು ಪಾಚಿ. ಸ್ಪಿರಿಟ್‌ನಲ್ಲಿ ನೆನೆಸಿದರೆ ಬಣ್ಣ ಬಯಲಾಗುತ್ತದೆ. ಉಜ್ಜಿದರೆ ಹೋಗದು, ಅದು ಹಿಡಿದ ಎಲೆಯನ್ನೇ ಕತ್ತರಿಸಿ. ಬೇಗ ಬೆಳೆಯುವ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಗಿಡಗಳನ್ನು ಹೆಚ್ಚಿಸಿ. ಪಾಚಿಯ ಪಾಲಿನ ಗೊಬ್ಬರವನ್ನು ಅವು ಉಣ್ಣಲಿ.

ಕೆಲವು ಪಾಚಿನಾಶಕಗಳಲ್ಲಿ ತಾಮ್ರವಿರುತ್ತದೆ, ಸಿಗಡಿಗಳಿಗೆ ಅದು ವಿಷ. ಸತ್ತ ಪಾಚಿ ಕೊಳೆತು ಆಮ್ಲಜನಕವನ್ನೂ ಕುಡಿಯುತ್ತದೆ, ಮುಂದಿನ ಪಾಚಿಗೆ ಆಹಾರವೂ ಆಗುತ್ತದೆ. ಆ ಬಾಟಲಿಯನ್ನು ಮತ್ತೆ ಮುಟ್ಟಬೇಡಿ.

ಎರಡು ಅಡಿಯ ತೊಟ್ಟಿಯಲ್ಲಿ ಸುಮಾರು 70 ಲೀಟರ್ ನೀರಿರುತ್ತದೆ. ವಾರಕ್ಕೊಮ್ಮೆ 20–25 ಲೀಟರ್ ಬದಲಿಸಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿಗಳನ್ನು ಹಾಕಿ. ಹೊರತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿ ತೊಳೆಯಿರಿ, ನಲ್ಲಿಯ ಕೆಳಗೆ ಬೇಡ. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಯನ್ನು ಎತ್ತರದಲ್ಲಿಡಿ. ಫಲ ಕಾಣಲು ಮೂರು ನಾಲ್ಕು ವಾರ ಬೇಕು.

ಇನ್ನು ಸಕ್ಕರ್. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಬೆಳೆದಂತೆ ಪಾಚಿ ಬಿಟ್ಟು ನೀವು ಹಾಕುವ ಕಾಳಿಗೆ ಕಾಯುತ್ತದೆ. ದೊಡ್ಡ ತೊಟ್ಟಿಯಿರುವವರಿಗೆ ಕೊಡಿ ಅಥವಾ ಅಂಗಡಿಗೇ ಹಿಂತಿರುಗಿಸಿ. ಉಲ್ಹಾಸ ನದಿಗೆ ಮಾತ್ರ ಬಿಡಬೇಡಿ. ಈ ಪರದೇಶಿ ಮೀನು ಭಾರತದ ಹಲವು ನದಿ–ಕೆರೆಗಳಲ್ಲಿ ಈಗಾಗಲೇ ಪಿಡುಗಾಗಿದೆ. ಅದರ ಜಾಗಕ್ಕೆ ಎರಡು ನೆರೈಟ್ ಬಸವನಹುಳುಗಳು ಸಾಕು. ಗಾಜನ್ನು ಚೆನ್ನಾಗಿ ಕೆರೆಯುತ್ತವೆ, ಸಿಹಿನೀರಿನಲ್ಲಿ ಅವುಗಳ ಮೊಟ್ಟೆ ಮರಿಯಾಗುವುದಿಲ್ಲ. ಆದರೆ ಬಿಳಿ ಚುಕ್ಕಿಗಳಂಥ ಆ ಮೊಟ್ಟೆಗಳನ್ನು ಕಂಡಕಂಡಲ್ಲಿ ಅಂಟಿಸಿಹೋಗುತ್ತವೆ, ಅವನ್ನು ನೀವೇ ಉಗುರಿನಿಂದ ಕೆರೆಯಬೇಕು.