ನೋವು ಬಂದ ಮೇಲೆ 108ಕ್ಕೆ ಫೋನ್ ಮಾಡಿದರೆ ಸಾಕಾ?

ತಂಗಿಯನ್ನು ಚೊಚ್ಚಲ ಹೆರಿಗೆಗೆ ಹೊಸನಗರದ ಕಡೆಯ ನಿಮ್ಮ ಮನೆಗೆ ಕರೆತಂದಿದ್ದೀರಿ, ಜುಲೈ ಕೊನೆಗೆ ದಿನ ತುಂಬುತ್ತದೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ನೋವು ಬಂದ ಮೇಲೆ 108ಕ್ಕೆ ಫೋನ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ಒಂದು ವಾರ, ಹತ್ತು ದಿನ ಮೊದಲೇ ಆಸ್ಪತ್ರೆ ಹತ್ತಿರ ಹೋಗಿ ಉಳಿಯಲಿ. ಸಾಗರದಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆ ಇದ್ದೇ ಇರುತ್ತದೆ ಅಲ್ವಾ?

ನನ್ನ ಮೊದಲ ಮಗು ಹುಟ್ಟಿದ್ದೂ ಜುಲೈಯಲ್ಲೇ. ರಾತ್ರಿ ಎರಡಕ್ಕೆ ನೀರು ಹೋಗಲು ಶುರುವಾಯಿತು. ಅಣ್ಣ ಛತ್ರಿ ಹಿಡಿದು ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಓಡಿದ. ಆಂಬುಲೆನ್ಸ್ ಬಂತು, ಆದರೆ ಧರೆ ಕುಸಿದು ದಾರಿ ಕಟ್ಟಿತ್ತು, ಅದು ಆಚೆಯೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಗಳ ಕಟ್ಟಿ ನಾಲ್ಕು ಜನ ನನ್ನನ್ನು ಹೊತ್ತರು. ಹೊದೆಸಿದ್ದ ಕಂಬಳಿ ನೀರು ಕುಡಿದು ಕಲ್ಲಿನ ಹಾಗೆ ಭಾರವಾಗಿತ್ತು, ಅಮ್ಮ ಪಕ್ಕದಲ್ಲೇ ಬಸುರಿಯ ತಪಾಸಣೆ ವಿವರ ಬರೆದಿರುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ಮಗು ಆಂಬುಲೆನ್ಸಿನಲ್ಲೇ ಹುಟ್ಟಿತು. ಆಮೇಲೆ ರಕ್ತ ಹೋಗುವುದು ನಿಲ್ಲಲೇ ಇಲ್ಲ. ಗರ್ಭಕೋಶ ಬಿಗಿಯಾಗಲಿ ಅಂತ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರು, ಆಸ್ಪತ್ರೆಯಲ್ಲಿ ರಕ್ತ ಹಾಕಿದರು, ನಾನು ಉಳಿದೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಡಾಕ್ಟರ್ ಉಚಿತವಾಗಿ ನೋಡುತ್ತಾರೆ. ಹಿಮೋಗ್ಲೋಬಿನ್ ಎಷ್ಟಿದೆ, ಬಿಪಿ ಎಷ್ಟು, ಮಗುವಿನ ತಲೆ ಕೆಳಗಿದೆಯಾ, ತಾಲೂಕು ಆಸ್ಪತ್ರೆ ಸಾಕಾ ಅಥವಾ ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೇ ಹೋಗಬೇಕಾ ಅಂತ ಬಾಯಿಬಿಟ್ಟು ಕೇಳಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಮ್ಮಿ ಅಂತಲೇ ಲೆಕ್ಕ, 7ಕ್ಕಿಂತ ಕಡಿಮೆ ಇದ್ದರೆ ತುಂಬಾ ಅಪಾಯ. ಜೋರು ತಲೆನೋವು, ಕಣ್ಣು ಮಂಜಾಗುವುದು, ರಕ್ತ ಕಾಣಿಸುವುದು, ಮಗುವಿನ ಓಡಾಟ ಕಮ್ಮಿಯಾಗುವುದು, ಇದರಲ್ಲಿ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ದುಡ್ಡಿನ ಚಿಂತೆ ಬೇಡ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ವಾಪಸ್ ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ನನ್ನ ಕೇಳಿದರೆ, ದಿನ ತುಂಬಿದವರು ಉಳಿಯಲು ಮಲೆನಾಡಿನ ಪ್ರತಿ ತಾಲೂಕು ಆಸ್ಪತ್ರೆ ಪಕ್ಕದಲ್ಲೂ ನಾಲ್ಕು ಕೋಣೆ ಕಟ್ಟಿಸಬೇಕು. ಪೇಟೆಯಲ್ಲಿ ನೆಂಟರಿಲ್ಲದವರು ಎಲ್ಲಿಗೆ ಹೋಗಬೇಕು?

ಇನ್ನೊಂದು, ಜೊತೆಗೆ ಹೋಗುವವರು ಯಾರು, ಅಷ್ಟು ದಿನ ಕೊಟ್ಟಿಗೆಯ ದನ ನೋಡಿಕೊಳ್ಳುವವರು ಯಾರು ಅಂತ ಈಗಲೇ ಗೊತ್ತು ಮಾಡಿ. ಮೊದಲೇ ಹೊರಡೋಣ ಅಂತ ನಾನು ಹೇಳಿದ್ದೆ. ಹಾಲು ಕರೆಯುವವರು ಇಲ್ಲ ಅಂತ ಅಮ್ಮ ಆ ವಾರ ಹೊರಡಲಿಲ್ಲ.