ಓದುಗರ ಪ್ರಶ್ನೆ, ಶುಶ್ರೂಷಕಿಯ ಉತ್ತರ: ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ?

ಪ್ರಶ್ನೆ: ನಾನು ಮೂಳೆ ವಿಭಾಗದ ವಾರ್ಡಿನಲ್ಲಿ ಎರಡು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಕಾಲು ಮುರಿದು ದಾಖಲಾದ ಕೆಲವರು ಮೊದಲ ದಿನ ಚೆನ್ನಾಗಿಯೇ ಮಾತನಾಡಿಕೊಂಡಿದ್ದು, ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತೆಸೆದು, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆ ಎಂದು ಕಿರುಚುತ್ತಾರೆ. ಕೈಕಾಲು ಕಟ್ಟುವುದನ್ನು ಬಿಟ್ಟರೆ ನಮಗೆ ಬೇರೇನೂ ತೋಚುವುದಿಲ್ಲ. ಇದನ್ನು ಮೊದಲೇ ಗುರುತಿಸುವುದು ಹೇಗೆ? ಆರೈಕೆ ಹೇಗಿರಬೇಕು?

ಉತ್ತರ: ‘ಮೂರನೆಯ ರಾತ್ರಿ’ ಎಂದು ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅದರಲ್ಲಿಯೇ ಇದೆ. ದಿನವೂ ಕುಡಿಯುವವರು ಆಸ್ಪತ್ರೆ ಸೇರಿ ಮದ್ಯ ನಿಂತಾಗ ಹೀಗಾಗುವುದುಂಟು. ವರ್ಷಗಟ್ಟಲೆ ಪ್ರತಿದಿನ ಮದ್ಯದ ಮಂಪರಿನಲ್ಲಿರುವ ಮಿದುಳು ಅದನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡೇ ಇರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಉದ್ರೇಕಕ್ಕೆ ಕಡಿವಾಣವಿಲ್ಲದಂತಾಗುತ್ತದೆ. ಕೊನೆಯ ಸಲ ಕುಡಿದ 6ರಿಂದ 8 ಗಂಟೆಗಳ ನಂತರ ಕೈ ನಡುಕ, ಬೆವರು, ವಾಕರಿಕೆ, ತಳಮಳ ಕಾಣತೊಡಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಗಳ ಒಳಗೆ ಬರುತ್ತದೆ. ನೀವು ಕಂಡ ಸನ್ನಿ, ಅಂದರೆ ಡೆಲಿರಿಯಂ ಟ್ರೆಮೆನ್ಸ್, ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಆರಂಭವಾಗುತ್ತದೆ.

ಆದ್ದರಿಂದ ದಾಖಲಿಸಿಕೊಳ್ಳುವಾಗ ‘ಕುಡಿಯುವ ಅಭ್ಯಾಸವಿದೆಯೇ?’ ಎಂದು ಕೇಳಿ ‘ಯಾವಾಗಲೋ ಒಮ್ಮೆ’ ಎಂಬ ಉತ್ತರವನ್ನು ಬರೆದುಕೊಂಡರೆ ಏನೂ ಪ್ರಯೋಜನವಿಲ್ಲ. ಸಂಬಂಧಿಕರನ್ನು ಸ್ವಲ್ಪ ಹೊರಗೆ ಕಳುಹಿಸಿ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಆಗಿತ್ತೇ ಎಂದು, ಸಕ್ಕರೆ ಕಾಯಿಲೆಯ ಬಗ್ಗೆ ಕೇಳುವಷ್ಟೇ ಸಹಜವಾದ ದನಿಯಲ್ಲಿ ಕೇಳಿ. ಆ ಗಂಟೆಯನ್ನು ಕೇಸ್ ಶೀಟಿನಲ್ಲಿ ಎದ್ದು ಕಾಣುವಂತೆ ಬರೆದರೆ, ಮುಂದಿನ ಪಾಳಿಯವರು ಅಲ್ಲಿಂದ ಗಂಟೆಗಳನ್ನು ಎಣಿಸಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೋಗಿಯ ಬಗ್ಗೆ ಹ್ಯಾಂಡೋವರಿನಲ್ಲಿ ‘ತುಂಬಾ ಗಲಾಟೆ ಮಾಡುತ್ತಾನೆ’ ಎಂದಷ್ಟೇ ಹೇಳಿ ಮನೆಗೆ ಹೋದೆ; ಆತನ ಬೆವರನ್ನೂ ನಡುಕವನ್ನೂ ಕಂಡಿದ್ದೆ, ಹೇಳಲಿಲ್ಲ. ಬೆಳಗಿನ ಜಾವ ಆತನಿಗೆ ಫಿಟ್ಸ್ ಬಂದಿತ್ತು.

ನಡುಕವನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸಲು ಹೇಳಿ. ಕಣ್ಣಿಗೆ ಏನೂ ಕಾಣದಿದ್ದರೆ ನಿಮ್ಮ ಬೆರಳ ತುದಿಯನ್ನು ಅವರ ಬೆರಳ ತುದಿಗೆ ತಾಗಿಸಿ. ಕಾಣದ ನಡುಕವೂ ಅಲ್ಲಿ ಸಿಗುತ್ತದೆ. ಮದ್ಯ ನಿಂತಾಗಿನ ಲಕ್ಷಣಗಳ ತೀವ್ರತೆಯನ್ನು ಅಂಕಗಳಲ್ಲಿ ಅಳೆಯುವ ಸಿಐಡಬ್ಲ್ಯುಎ-ಎಆರ್ ಎಂಬ ಮಾಪಕದ 10 ಅಂಶಗಳಲ್ಲಿ ಇದೂ ಒಂದು. ಗರಿಷ್ಠ ಅಂಕ 67. ಆ ಮಾಪಕದಲ್ಲಿ ನಾಡಿಬಡಿತಕ್ಕಾಗಲಿ ರಕ್ತದೊತ್ತಡಕ್ಕಾಗಲಿ ಅಂಕವಿಲ್ಲವಾದ್ದರಿಂದ ಅವನ್ನು ಬೇರೆಯಾಗಿ ದಾಖಲಿಸಬೇಕು. ರೋಗಿಯೊಂದಿಗೆ ಮಾತನಾಡಿ ತುಂಬಬೇಕಾದ ಮಾಪಕವಾದ್ದರಿಂದ, ಸನ್ನಿ ಹಿಡಿದವರಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಅಂಕ ಏರುತ್ತಿರುವಾಗಲೇ ವೈದ್ಯರನ್ನು ಕರೆದು, ಮಿದುಳಿನ ಉದ್ರೇಕವನ್ನು ತಗ್ಗಿಸುವ ಡಯಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್, ಯಕೃತ್ತು ತೀರಾ ಕೆಟ್ಟಿದ್ದರೆ ಲೋರಜೆಪಾಮ್, ವೇಳೆಗೆ ಸರಿಯಾಗಿ ಸಿಗುವಂತೆ ನೋಡಿಕೊಳ್ಳುವುದೇ ನಿಜವಾದ ಶುಶ್ರೂಷೆ. ಔಷಧ ಕೊಟ್ಟ ನಂತರ ಉಸಿರಾಟವನ್ನೂ ಎಚ್ಚರದ ಮಟ್ಟವನ್ನೂ ಗಮನಿಸುತ್ತಿರಬೇಕು. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿ. ಅದರ ಕೊರತೆಯಿಂದ ಬರುವ ವರ್ನಿಕೆ ಎಂಬ ಮಿದುಳಿನ ಕಾಯಿಲೆಯಲ್ಲಿ ಗೊಂದಲ, ತೂರಾಡುವ ನಡಿಗೆ, ಕಣ್ಣಿನ ಚಲನೆಯ ದೋಷ ಎಂಬ ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ನಿಮ್ಮ ವಾರ್ಡಿನಲ್ಲಂತೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರ ನಡಿಗೆ ಕಾಣುವ ಮಾತೇ ಇಲ್ಲ, ಕಣ್ಣುಗಳನ್ನೇ ನೋಡಬೇಕು. ಗೊಂದಲವೆಲ್ಲವೂ ಮದ್ಯದಿಂದಲೇ ಎಂದೂ ಭಾವಿಸಬೇಡಿ: ಬಿದ್ದು ಕಾಲು ಮುರಿದುಕೊಂಡವರ ತಲೆಗೂ ಪೆಟ್ಟಾಗಿರಬಹುದು, ರಕ್ತದ ಸಕ್ಕರೆ ಇಳಿದಿರಬಹುದು, ಸೋಂಕಿರಬಹುದು.

ಕಟ್ಟಿಹಾಕಿದ ರೋಗಿ ಬಿಡಿಸಿಕೊಳ್ಳಲು ಹೆಣಗಿದಷ್ಟೂ ಮೈ ಬಿಸಿ ಏರುತ್ತದೆ, ಅಂಗಾತ ಕಟ್ಟಿದ್ದರೆ ವಾಂತಿ ಶ್ವಾಸನಾಳಕ್ಕಿಳಿಯಬಹುದು. ಬೇರೆಲ್ಲ ಪ್ರಯತ್ನಗಳೂ ಸೋತಾಗ, ವೈದ್ಯರ ಲಿಖಿತ ಆದೇಶದ ಮೇಲೆ, ಸ್ವಲ್ಪ ಹೊತ್ತಿಗೆ ಮಾತ್ರ, ಯಾರಾದರೂ ಪಕ್ಕದಲ್ಲಿದ್ದಾಗ ಕಟ್ಟಬಹುದು. ಅದಕ್ಕೂ ಮೊದಲು ನೆರಳು ಬೀಳದಂತೆ ಒಂದು ಸಮನಾದ ಬೆಳಕಿಟ್ಟು, ಸಾಧ್ಯವಾದಷ್ಟೂ ಒಬ್ಬರೇ ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಇದು ಆಸ್ಪತ್ರೆ ಎಂದು ಹೇಳಿ. ಹುಳುಗಳಿವೆ ಎಂದು ಒಪ್ಪಿಕೊಳ್ಳುವುದೂ ಬೇಡ, ಇಲ್ಲವೆಂದು ವಾದಿಸುವುದೂ ಬೇಡ. ‘ನನಗೆ ಕಾಣುತ್ತಿಲ್ಲ, ಆದರೆ ನಿಮಗೆ ಭಯವಾಗುತ್ತಿದೆ ಎಂದು ಗೊತ್ತು’ ಎಂದರೆ ಸಾಕು. ಮಂಚದ ಬಳಿ ಸ್ಯಾನಿಟೈಸರ್ ಬಾಟಲಿ ಇದ್ದರೆ ತೆಗೆದಿಡಿ. ಅದನ್ನೇ ಕುಡಿದವರಿದ್ದಾರೆ.

ಪ್ರಶ್ನೆ: ನನ್ನ ಯಜಮಾನರು ಹದಿನೈದು ವರ್ಷಗಳಿಂದ ದಿನವೂ ಕುಡಿಯುತ್ತಾರೆ. ನಾಳೆಯಿಂದಲೇ ಬಿಡುತ್ತೇನೆ, ಒಂದು ವಾರ ಕೋಣೆಯಲ್ಲಿ ಕೂಡಿಹಾಕಿ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಅವರ ಮನಸ್ಸು ದೊಡ್ಡದು, ವಿಧಾನ ಅಪಾಯಕಾರಿ. ಇಷ್ಟು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಚಿಕಿತ್ಸೆಯಿಲ್ಲದ ಸನ್ನಿಯಿಂದ ಪ್ರಾಣವೂ ಹೋಗಬಹುದು. ಹಿಂದೆ ಹಲವು ಬಾರಿ ಬಿಟ್ಟು ಮತ್ತೆ ಹಿಡಿದಿದ್ದರೆ ಪ್ರತಿ ಸಲವೂ ಲಕ್ಷಣಗಳು ಇನ್ನಷ್ಟು ಕಠಿಣವಾಗುವುದುಂಟು. ಮೊದಲು ವೈದ್ಯರನ್ನು ಕಾಣಿರಿ. ಅಲ್ಲಿಯವರೆಗೆ ಪೂರ್ತಿ ನಿಲ್ಲಿಸುವುದು ಬೇಡ. ಹಿಂದೆ ಫಿಟ್ಸ್ ಅಥವಾ ಸನ್ನಿ ಆಗಿರದೆ, ಬೇರೆ ದೊಡ್ಡ ಕಾಯಿಲೆಯಿಲ್ಲದೆ, ಕುಡಿಯದ ಒಬ್ಬರು ಹಗಲಿರುಳು ಜೊತೆಗಿರುವುದಾದರೆ, ದಿನವೂ ತಪಾಸಣೆಗೆ ಹೋಗಿ ಮನೆಯಲ್ಲಿಯೇ ಮಾತ್ರೆ ಪಡೆಯಲು ವೈದ್ಯರು ಒಪ್ಪಬಹುದು. ಗೊಂದಲದ ಮಾತು, ಇಲ್ಲದ್ದು ಕಾಣುವುದು, ಜ್ವರ, ನಿಲ್ಲದ ವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಕೋಣೆಯ ಚಿಲಕ ಹಾಕಿದ್ದರೆ ಇದಾವುದೂ ನಿಮಗೆ ಕಾಣುವುದಿಲ್ಲ.

ಪ್ರಶ್ನೆ: ಕುಡಿತ ಬಿಡಿಸುವ ಮಾತ್ರೆಯನ್ನು ಮಗನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಬಹುದೇ?

ಉತ್ತರ: ಖಂಡಿತ ಬೇಡ. ನೀವು ಕೇಳುತ್ತಿರುವುದು ಡೈಸಲ್ಫಿರಾಮ್ ಬಗ್ಗೆ ಎಂದುಕೊಂಡಿದ್ದೇನೆ. ಅದು ದೇಹದಲ್ಲಿರುವಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷಪದಾರ್ಥ ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಕುಡಿದು ಕನಿಷ್ಠ 12 ಗಂಟೆಯಾದರೂ ಕಳೆಯದೆ ಅದನ್ನು ಕೊಡುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 14 ದಿನ ಈ ಪರಿಣಾಮ ಉಳಿಯಬಹುದು. ತಿಳಿಯದೆ ನುಂಗಿದವನು ಎಚ್ಚರ ವಹಿಸುವುದಾದರೂ ಹೇಗೆ? ಮಗನನ್ನೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಬೇರೆ ಔಷಧಗಳೂ ಇವೆ. ಅವನ್ನೂ ಆತ ತಿಳಿದೇ ತೆಗೆದುಕೊಳ್ಳಬೇಕು.