ಟಾಂಗಾಯಿಲ್‌ನಲ್ಲಿ ಇಳಿದ ‘ಐದು ಸಾವಿರ’ ಮಂದಿಯಲ್ಲಿ ನಾನೊಬ್ಬ

1971ರ ಯುದ್ಧದಲ್ಲಿ, ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ ಟಾಂಗಾಯಿಲ್ ಬಳಿ ಪ್ಯಾರಾಶೂಟಿನಿಂದ ಇಳಿದವರು ಯಾರಾದರೂ ಇದ್ದೀರಾ, ವಿಮಾನದ ಬಾಗಿಲಲ್ಲಿ ನಿಂತಾಗ ಹೆದರಿಕೆ ಆಗಲಿಲ್ಲವೇ, ನಿಜವಾಗಿಯೂ ಐದು ಸಾವಿರ ಮಂದಿ ಇಳಿದಿದ್ದರೇ ಎಂದು ನೀವು ಕೇಳಿದ್ದೀರಿ. ಇಳಿದವರಲ್ಲಿ ನಾನೊಬ್ಬ. ಹೆದರಿಕೆಯ ಮಾತು ಆಮೇಲೆ, ಮೊದಲು ಲೆಕ್ಕ ಸರಿಪಡಿಸುತ್ತೇನೆ. ಇಳಿದದ್ದು ಒಂದು ಬಟಾಲಿಯನ್, ಅಂದರೆ ಭಾರತದ ಪ್ಯಾರಾಶೂಟ್ ರೆಜಿಮೆಂಟಿನ ಎರಡನೇ ಪಲಟನ್, 2 ಪ್ಯಾರಾ. ಜೊತೆಗೆ ಫಿರಂಗಿ ದಳದವರು, ಇಂಜಿನಿಯರುಗಳು, ವೈದ್ಯಕೀಯ ತಂಡ. ಎಲ್ಲ ಕೂಡಿ 700 ಮಂದಿಯ ಆಸುಪಾಸು.

ನನ್ನೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿದೆ. ಆಗ ಗದಗ ಜಿಲ್ಲೆಯಾಗಿರಲಿಲ್ಲ, ಎಲ್ಲವೂ ಧಾರವಾಡ ಜಿಲ್ಲೆಯೇ. ರಾಜ್ಯಕ್ಕೂ ಇನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ. ನಮ್ಮ ಕಡೆಯ ಹುಡುಗರು ಫೌಜಿಗೆ ಹೋಗುವುದೆಂದರೆ ಬೆಳಗಾವಿಯ ಮರಾಠಾ ರೆಜಿಮೆಂಟಿನ ಭರ್ತಿಗೆ ನಿಲ್ಲುವುದು. ನಾನೂ ಹಾಗೆಯೇ ಸೇರಿದೆ, ಆಮೇಲೆ ಪ್ಯಾರಾಕ್ಕೆ ಹೆಸರು ಕೊಟ್ಟೆ. ಹೆಸರು ಕೊಟ್ಟದ್ದಕ್ಕೆ ಶೌರ್ಯಕ್ಕಿಂತ ಪ್ಯಾರಾದವರಿಗೆ ಸಿಗುತ್ತಿದ್ದ ಹೆಚ್ಚಿನ ಭತ್ಯೆಯೇ ದೊಡ್ಡ ಕಾರಣವೆಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಮನೆಯಲ್ಲಿ ತಂಗಿಯ ಮದುವೆಯ ಸಾಲವಿತ್ತು. 2 ಪ್ಯಾರಾ ಮೂಲದಲ್ಲಿ ಮರಾಠಾ ಪಲಟನ್ನೇ ಆದ್ದರಿಂದ ಅಲ್ಲಿ ನನಗೆ ಪರಕೀಯತೆ ಎನ್ನಿಸಲಿಲ್ಲ. ಆಗ್ರಾದಲ್ಲಿ ಐದು ಜಿಗಿತ ಮುಗಿಸಿದ ಮೇಲೆ ತೋಳಿಗೆ ರೆಕ್ಕೆ ಬಂತು.

ಕೆಲಸವೇನಿತ್ತೆಂದರೆ, ಉತ್ತರದ ಜಮಾಲಪುರ ಮತ್ತು ಮೈಮನ್‌ಸಿಂಗ್ ಕಡೆಯಿಂದ ಪಾಕಿಸ್ತಾನದ 93ನೇ ಬ್ರಿಗೇಡು ಢಾಕಾಕ್ಕೆ ಹಿಂದೆ ಸರಿಯುತ್ತಿತ್ತು. ಅದು ಢಾಕಾ ಮುಟ್ಟಿದರೆ ಅಲ್ಲಿಯ ಕಾವಲು ಗಟ್ಟಿಯಾಗುತ್ತದೆ. ಆ ದಾರಿಯಲ್ಲಿ, ಟಾಂಗಾಯಿಲ್ಲಿನ ಉತ್ತರಕ್ಕೆ, ಲೋಹಜಂಗ್ ನದಿಗೆ ಪೂಂಗ್ಲಿ ಸೇತುವೆಯಿದೆ. ಅದನ್ನು ಹಿಡಿದು, ಬರುವವರನ್ನು ತಡೆಯಬೇಕು. ನಮ್ಮ ಕಮಾಂಡಿಂಗ್ ಆಫೀಸರು ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು.

ಡಿಸೆಂಬರ್ 11ರ ಮಧ್ಯಾಹ್ನ ಡಮ್‌ಡಮ್ ಮತ್ತು ಕಲೈಕುಂಡಾದಿಂದ ವಿಮಾನಗಳು ಎದ್ದವು. ಪ್ಯಾಕೆಟ್, ಡಕೋಟಾ, ಕ್ಯಾರಿಬೂ, ಎಎನ್-12, ಹೀಗೆ ಇದ್ದಬದ್ದ ಜಾತಿಯವೆಲ್ಲ ಸೇರಿದ್ದವು. ನನಗೆ ಸಿಕ್ಕಿದ್ದು ಪ್ಯಾಕೆಟ್. ಬೆನ್ನಿಗೆ ದೊಡ್ಡ ಪ್ಯಾರಾಶೂಟು, ಎದೆಗೆ ರಿಸರ್ವು, ಕಾಲಿಗೆ ಸಾಮಾನಿನ ಚೀಲ ಬಿಗಿದುಕೊಂಡು ಕುಳಿತವನಿಗೆ ಬೆನ್ನು ತುರಿಸಿದರೂ ಏನೂ ಮಾಡುವ ಹಾಗಿಲ್ಲ. ಎದುರಿಗಿದ್ದ ಸಾತಾರೆಯ ಹುಡುಗ ವಾಂತಿ ಮಾಡಿಕೊಂಡ. ಆ ವಾಸನೆಗೆ ಇನ್ನಿಬ್ಬರು. ಎದ್ದು ನಿಂತು ಹುಕ್ ಹಾಕಿಕೊಳ್ಳಲು ಹೇಳಿದಾಗ, ನಿಜ ಹೇಳುತ್ತೇನೆ, ಹೆದರಿಕೆಗಿಂತ ಬಿಡುಗಡೆಯ ಭಾವವೇ ಹೆಚ್ಚಾಗಿತ್ತು. ಪ್ಯಾರಾಶೂಟು ಬಿಚ್ಚುವ ಹಗ್ಗ ವಿಮಾನದೊಳಗಿನ ತಂತಿಗೆ ಸಿಕ್ಕಿರುತ್ತದೆ, ನಮ್ಮ ಭಾರಕ್ಕೆ ಅದೇ ಎಳೆದು ಬಿಚ್ಚುತ್ತದೆ. ಕೆಂಪು ದೀಪ ಆರಿ ಹಸಿರು ದೀಪ ಹೊತ್ತಿದ ಮೇಲೆ ಹಿಂದಿನವನು ಒತ್ತುತ್ತಾನೆ, ಮುಂದಿನವನು ಇಲ್ಲವಾಗುತ್ತಾನೆ, ನೀವು ಹೊರಗಿರುತ್ತೀರಿ. ಹಾರಬೇಕೋ ಬೇಡವೋ ಎಂದು ಯೋಚಿಸುವ ಜಾಗವೇ ಅದರಲ್ಲಿ ಇಲ್ಲ. ಗಾಳಿಯಲ್ಲಿ ಇರುವುದು ಒಂದು ನಿಮಿಷವೂ ಅಲ್ಲ.

ಆಗ ಸುಮಾರು ನಾಲ್ಕೂವರೆ ಗಂಟೆ. ನಮ್ಮೂರಲ್ಲಾದರೆ ಎತ್ತು ಬಿಚ್ಚುವುದಕ್ಕೂ ಇನ್ನೂ ಹೊತ್ತಿರುತ್ತದೆ. ಅಷ್ಟು ಪೂರ್ವದಲ್ಲಿ ಹೊತ್ತು ಆಗಲೇ ಕೆಂಪಾಗಿತ್ತು. ನಾನು ಬಿದ್ದದ್ದು ಭತ್ತ ಕೊಯ್ದ ಗದ್ದೆಯ ಅಂಚಿಗೆ, ಒಂದು ಹೊಂಡದ ಬಗಲಿಗೆ. ಎರೆ ಹೊಲದ ಕೆಸರಿನಲ್ಲಿ ಬೆಳೆದವನಿಗೆ ಆ ಕೆಸರು ಹೊಸದೇನಲ್ಲ, ಆದರೆ ನಮ್ಮ ಎರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಅದು ಕಾಲನ್ನೇ ಒಳಗೆ ಎಳೆಯುತ್ತದೆ. ವಿಮಾನಗಳ ಸದ್ದು ದೂರವಾಗಿ ಕೊನೆಗೆ ನಿಂತೇಹೋಯಿತು. ನೀವು ಕೇಳಿದ ಹೆದರಿಕೆ ಬಂದದ್ದು ಆಗ. ಸುತ್ತ ನಮ್ಮವರು ಯಾರೂ ಕಾಣಲಿಲ್ಲ, ಹಿಂದಕ್ಕೆ ಹೋಗುವ ದಾರಿಯಂತೂ ಇರಲಿಲ್ಲ.

ಅಷ್ಟರಲ್ಲಿ ಬಿದಿರು ಮೆಳೆಯ ಕಡೆಯಿಂದ ಜನರ ಗುಂಪೊಂದು ಕೂಗುತ್ತ ಓಡಿಬಂತು. ಬಂದೂಕು ಅವರತ್ತ ತಿರುಗಿಸಿ, ಬೆರಳು ಕುದುರೆಯ ಮೇಲಿಟ್ಟು ಕುಳಿತೆ. ‘ಜಯ ಬಾಂಗ್ಲಾ’ ಎಂಬುದು ಕಿವಿಗೆ ಬೀಳದೆ ಇನ್ನೂ ಹತ್ತು ಹೆಜ್ಜೆ ಮುಂದೆ ಬಂದಿದ್ದರೆ ಏನಾಗುತ್ತಿತ್ತೋ ಎಂಬುದು ಇಂದಿಗೂ ಒಮ್ಮೊಮ್ಮೆ ನಿದ್ದೆ ಕೆಡಿಸುತ್ತದೆ. ಗುಂಪಿನಲ್ಲಿದ್ದ ಮುದುಕನೊಬ್ಬ ನೇರವಾಗಿ ಬಂದು, ಹೆಗಲ ಮೇಲಿನ ವಸ್ತ್ರದಿಂದ ನನ್ನ ಮುಖದ ಕೆಸರನ್ನು, ಮಗುವಿಗೆ ಒರೆಸಿದ ಹಾಗೆ ಒರೆಸಿದ. ಆಮೇಲೆ ಒಂದೂ ಮಾತಾಡದೆ ನನ್ನ ಚೀಲವನ್ನು ತಲೆಯ ಮೇಲೆ ಹೊತ್ತು, ಯಾವ ಕಡೆಗೆ ಎಂದು ಗದ್ದ ಎತ್ತಿ ಕೇಳಿದ. ಆ ಭಾಗದಲ್ಲಿ ಬಾಂಗ್ಲಾದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಸ್ಥಳೀಯರ ಪಡೆ, ಕಾದರ್ ಸಿದ್ದಿಕಿಯವರ ಮುಕ್ತಿವಾಹಿನಿ, ಬಲವಾಗಿತ್ತು, ನಮ್ಮ ಕ್ಯಾಪ್ಟನ್ ಒಬ್ಬರು ಮೊದಲೇ ಹೋಗಿ ಅವರೊಂದಿಗೆ ಮಾತಾಡಿಟ್ಟಿದ್ದರು. ಆದರೆ ಆ ಮುದುಕನಿಗೆ ಅದೆಲ್ಲ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ.

ಸೇತುವೆ ಅದೇ ರಾತ್ರಿ ನಮ್ಮ ಕೈಗೆ ಬಂತು. ಅದು ಕೈಬಿಟ್ಟ ಸುದ್ದಿ ಉತ್ತರದಿಂದ ಬರುತ್ತಿದ್ದ ಲಾರಿಗಳಲ್ಲಿದ್ದವರಿಗೆ ತಿಳಿದಿರಲಿಲ್ಲ. ಬೆಳಗಿನವರೆಗೆ ಅವರು ಮತ್ತೆ ಮತ್ತೆ ನುಗ್ಗಲು ನೋಡಿದರು, ಆಗಲಿಲ್ಲ. ಆ ರಾತ್ರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಆ ಲಾರಿಗಳಲ್ಲಿದ್ದವರೂ ಯಾರದೋ ಮನೆಯ ಹುಡುಗರು. ಮರುದಿನ 12ರಂದು ಮರಾಠಾ ರೆಜಿಮೆಂಟಿನ ಮೊದಲ ಪಲಟನ್ನಾದ 1 ಮರಾಠಾದವರು ನೆಲದ ದಾರಿಯಿಂದ ಬಂದು ನಮ್ಮನ್ನು ಕೂಡಿಕೊಂಡರು. ಅವರ ಮರಾಠಿಯ ನಡುವೆ ಅಪ್ಪಟ ಬೆಳಗಾವಿ ಕನ್ನಡದ ಬೈಗುಳವೊಂದು ಕೇಳಿಸಿದಾಗ ಆದ ಸಂತೋಷ, 16ರಂದು ಢಾಕಾ ಹೊಕ್ಕಾಗಲೂ ನನಗೆ ಆಗಲಿಲ್ಲ.

ಇನ್ನು ಐದು ಸಾವಿರದ ಕತೆ. ಜಗತ್ತಿನ ಪತ್ರಿಕೆಗಳಲ್ಲಿ ಅಷ್ಟು ಸಂಖ್ಯೆ ಬಂದದ್ದು ನಿಜ, ಜೊತೆಗೆ ಆಕಾಶದ ತುಂಬ ಪ್ಯಾರಾಶೂಟುಗಳಿರುವ ಚಿತ್ರವೂ ಬಂತು. ಆ ಚಿತ್ರ ಟಾಂಗಾಯಿಲ್ಲಿನದಲ್ಲ, ಹಿಂದೆ ಆಗ್ರಾದಲ್ಲಿ ನಮ್ಮ ಬ್ರಿಗೇಡು ನಡೆಸಿದ ಅಭ್ಯಾಸದ್ದು. ಅದರ ಚುಕ್ಕೆಗಳಲ್ಲಿ ನಾನೂ ಒಂದಾಗಿರಬಹುದು. ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿಯವರ ಧೈರ್ಯ ಕುಗ್ಗಿಸಿದ್ದು ಆ ಸಂಖ್ಯೆಯೇ ಎಂದು ಬರೆದವರಿದ್ದಾರೆ. ನನ್ನ ಮಟ್ಟಿಗೆ, ಅವರ ದಾರಿಗಳೆಲ್ಲ ಆಗಲೇ ಮುಚ್ಚುತ್ತಿದ್ದವು, ಸಂಖ್ಯೆ ಒಂದು ಕೈ ಸೇರಿಸಿತು ಅಷ್ಟೇ.

ಆ ಸಂಖ್ಯೆ ನಮ್ಮೂರಿಗೂ ತಲುಪಿತ್ತು. ಹುಬ್ಬಳ್ಳಿಯಿಂದ ಬರುತ್ತಿದ್ದ ಪತ್ರಿಕೆಯನ್ನು ಮಾಸ್ತರರು ಕಟ್ಟೆಯ ಮೇಲೆ ಓದಿ, ‘ಅಷ್ಟು ಮಂದಿ ಅದಾರ, ನಿನ್ನ ಮಗ ಒಬ್ಬಾವ ಅಲ್ಲವಾ, ಅಳಬ್ಯಾಡ’ ಎಂದು ಅವ್ವನಿಗೆ ಧೈರ್ಯ ಹೇಳಿದ್ದರಂತೆ. ಮುಂದೆ ರಜೆಯ ಮೇಲೆ ಬಂದಾಗ, ಇದ್ದದ್ದು 700 ಮಂದಿ ಮಾತ್ರ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, ‘ಐದು ಸಾವಿರ ಮಂದಿಯೊಳಗ ನಿನಗ ಊಟ ಬರೂದು ಎಷ್ಟೊತ್ತಾಗತಿತ್ತೋ ಏನೋ’ ಎಂದಳು. ತಡವಾಗುತ್ತಿತ್ತು ಎಂದು ಹೇಳಿ ರೊಟ್ಟಿ ಮುರಿದೆ.